ಉಳಿದ ಉಸಿರನ್ನು ಉಳಿಸಿಕೊಳ್ಳುವ ವಿದ್ಯೆ

ಬೆಳಿಗ್ಗೆ ಎದ್ದ ಕೂಡಲೇ ಕೆಮ್ಮು, ಕಫ. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ವರ್ಷಗಟ್ಟಲೆ ಬೀಡಿ, ಸಿಗರೇಟು ಸೇದಿದವರ ಮನೆಗಳಲ್ಲಿ ಇದನ್ನು ‘ವಯಸ್ಸಾಯ್ತು, ದಮ್ಮು ಬರುತ್ತೆ’ ಎಂದು ತಳ್ಳಿಹಾಕುವುದೇ ಹೆಚ್ಚು. ವೈದ್ಯರು ಸಿಒಪಿಡಿ (ಶ್ವಾಸನಾಳಗಳು ಕಿರಿದಾಗುವ ದೀರ್ಘಕಾಲದ ಶ್ವಾಸಕೋಶದ ತೊಂದರೆ) ಎಂದು ಕರೆಯುವ ಈ ಕಾಯಿಲೆ 2021ರಲ್ಲಿ ಜಗತ್ತಿನಾದ್ಯಂತ ಸುಮಾರು 35 ಲಕ್ಷ ಜನರ ಜೀವ ತೆಗೆಯಿತು. ಭಾರತದಲ್ಲಿ 1990ರಲ್ಲಿ 2.81 ಕೋಟಿ ಇದ್ದ ರೋಗಿಗಳ ಅಂದಾಜು ಸಂಖ್ಯೆ 2016ಕ್ಕೆ 5.53 ಕೋಟಿಯಾಯಿತು. ಒಂದು ಕಾಲದಲ್ಲಿ ‘ಹಾಸಿಗೆ ಬಿಟ್ಟು ಏಳಬೇಡಿ’ ಎನ್ನುವುದನ್ನು ಬಿಟ್ಟರೆ ವೈದ್ಯರ ಬಳಿ ಹೆಚ್ಚೇನೂ ಇಲ್ಲದಿದ್ದ ಈ ಕಾಯಿಲೆಯನ್ನು ಹತೋಟಿಯಲ್ಲಿಡುವ ದಾರಿಗಳು ಈಗ ಸ್ಪಷ್ಟವಾಗಿವೆ.

ಸ್ಟೆತಾಸ್ಕೋಪು ಕಂಡುಹಿಡಿದ ಫ್ರಾನ್ಸಿನ ರೆನೆ ಲೆನೆಕ್, 19ನೇ ಶತಮಾನದ ಆರಂಭದಲ್ಲೇ ಶವಪರೀಕ್ಷೆಯಲ್ಲಿ ಒಂದು ಸಂಗತಿ ಗಮನಿಸಿದ್ದರು. ಕೆಲವರ ಎದೆ ತೆರೆದರೂ ಶ್ವಾಸಕೋಶ ಕುಗ್ಗದೆ ಗಾಳಿ ತುಂಬಿಕೊಂಡೇ ಉಳಿಯುತ್ತಿತ್ತು. ಬದುಕಿರುವವರಲ್ಲಿ ಅದನ್ನು ಅಳೆಯುವುದು ಹೇಗೆ? 1846ರಲ್ಲಿ ಇಂಗ್ಲೆಂಡಿನ ಜಾನ್ ಹಚಿನ್ಸನ್ ಸ್ಪೈರೋಮೀಟರ್ ಬಳಸಿ ಎರಡು ಸಾವಿರಕ್ಕೂ ಹೆಚ್ಚು ಜನರ ಉಸಿರಿನ ಪ್ರಮಾಣ ಅಳೆದರು. ಆದರೆ ಈ ಕಾಯಿಲೆಯ ಗುಟ್ಟು ಗಾಳಿ ಎಷ್ಟು ಹಿಡಿಯುತ್ತದೆ ಎನ್ನುವುದಕ್ಕಿಂತ ಎಷ್ಟು ಬೇಗ ಹೊರಬರುತ್ತದೆ ಎನ್ನುವುದರಲ್ಲಿತ್ತು. 1947ರಲ್ಲಿ ಫ್ರಾನ್ಸಿನ ತಿಫ್ನೋ ಅಳತೆಗೆ ಕಾಲವನ್ನೂ ಸೇರಿಸಿದ ಮೇಲೆ ಪರೀಕ್ಷೆಗೆ ಇಂದಿನ ರೂಪ ಬಂತು.

ಸ್ಪೈರೋಮೆಟ್ರಿ ಎಂಬ ಆ ಪರೀಕ್ಷೆಗೆ ಸೂಜಿಯಿಲ್ಲ, ನೋವಿಲ್ಲ. ಮೂಗಿಗೆ ಕ್ಲಿಪ್ಪು ಹಾಕಿ, ಎದೆ ತುಂಬ ಉಸಿರೆಳೆದು, ಕೊಳವೆಯೊಳಗೆ ಒಂದೇ ಸಮ ಬಿರುಸಾಗಿ ಊದಬೇಕು. ಪಕ್ಕದಲ್ಲಿ ನಿಂತ ಟೆಕ್ನೀಶಿಯನ್ ‘ಊದಿ, ಊದಿ, ಇನ್ನೂ ಊದಿ’ ಎಂದು ಹುರಿದುಂಬಿಸುತ್ತಾರೆ. ಶ್ವಾಸನಾಳ ಹಿಗ್ಗಿಸುವ ಔಷಧ ಕೊಟ್ಟ ನಂತರವೂ, ಊದಿದ ಒಟ್ಟು ಗಾಳಿಯಲ್ಲಿ ಮೊದಲ ಸೆಕೆಂಡಿಗೆ ಹೊರಬಂದ ಪಾಲು ಶೇ. 70ಕ್ಕಿಂತ ಕಡಿಮೆಯಿದ್ದರೆ ನಾಳಗಳು ಕಿರಿದಾಗಿವೆ ಎಂದರ್ಥ.

ಕಾರಣ ಪತ್ತೆಯಾಗಲು ಇನ್ನಷ್ಟು ಕಾಲ ಹಿಡಿಯಿತು. 1952ರ ಡಿಸೆಂಬರಿನಲ್ಲಿ ಲಂಡನ್ನಿಗೆ ಕವಿದ ಹೊಗೆಮಂಜು ಸಾವಿರಾರು ಜನರನ್ನು ಬಲಿ ತೆಗೆದುಕೊಂಡಾಗ ಎಲ್ಲರ ಕಣ್ಣು ಊರಿನ ಗಾಳಿಯ ಮೇಲಿತ್ತು. ಆದರೆ ವೈದ್ಯ ಚಾರ್ಲ್ಸ್ ಫ್ಲೆಚರ್ ಮತ್ತು ಸಂಗಡಿಗರು 1961ರಿಂದ ಎಂಟು ವರ್ಷ ಲಂಡನ್ನಿನ ದುಡಿಯುವ ಗಂಡಸರ ಉಸಿರನ್ನು ಮತ್ತೆ ಮತ್ತೆ ಅಳೆದರು. ಅಮೆರಿಕದ ಸರ್ಜನ್ ಜನರಲ್ ವರದಿ 1964ರಲ್ಲಿ, ಸಿಒಪಿಡಿಯ ಒಂದು ರೂಪವಾದ ದೀರ್ಘಕಾಲದ ಬ್ರಾಂಕೈಟಿಸ್‌ಗೆ ಆ ದೇಶದಲ್ಲಿ ಸಿಗರೇಟೇ ಪ್ರಮುಖ ಕಾರಣ ಎಂದಿತು. 1977ರಲ್ಲಿ ಫ್ಲೆಚರ್ ಮತ್ತು ರಿಚರ್ಡ್ ಪೀಟೊ ಪ್ರಕಟಿಸಿದ ರೇಖಾಚಿತ್ರ ಇಂದಿಗೂ ಪಾಠದ ಕೋಣೆಗಳಲ್ಲಿದೆ. ಕಳೆದುಹೋದ ಶ್ವಾಸಶಕ್ತಿ ಹೆಚ್ಚೇನೂ ಮರಳುವುದಿಲ್ಲ, ಆದರೆ ಯಾವ ವಯಸ್ಸಿನಲ್ಲಿ ಸೇದುವುದನ್ನು ಬಿಟ್ಟರೂ ಇಳಿಕೆಯ ವೇಗ ತಗ್ಗುತ್ತದೆ ಎಂದು ಅದು ತೋರಿಸಿತು.

ಉತ್ತರ ಅಮೆರಿಕದಲ್ಲಿ 5,887 ಧೂಮಪಾನಿಗಳನ್ನು ಹಿಂಬಾಲಿಸಿದ ಲಂಗ್ ಹೆಲ್ತ್ ಸ್ಟಡಿ ಇದನ್ನು ಅಂಕಿಗಳಲ್ಲಿ ಗಟ್ಟಿಮಾಡಿತು. 11 ವರ್ಷಗಳಲ್ಲಿ, ಸೇದುತ್ತಲೇ ಇದ್ದ ಗಂಡಸರು ವರ್ಷಕ್ಕೆ ಸುಮಾರು 66 ಮಿಲಿಲೀಟರ್ ಶ್ವಾಸಶಕ್ತಿ (ಮೊದಲ ಸೆಕೆಂಡಿಗೆ ಹೊರಬರುವ ಗಾಳಿಯ ಅಳತೆ) ಕಳೆದುಕೊಂಡರೆ, ಬಿಟ್ಟವರು ಕಳೆದುಕೊಂಡದ್ದು ಸುಮಾರು 30. ಈ ಇಳಿಕೆಯನ್ನು ಇಷ್ಟರ ಮಟ್ಟಿಗೆ ತಡೆದ ಔಷಧ ಇನ್ನೂ ಬಂದಿಲ್ಲ.

ಚಿಕಿತ್ಸೆಯ ದೊಡ್ಡ ತಿರುವು ಆಮ್ಲಜನಕದಿಂದ ಬಂತು. ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ 1981ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನಕ್ಕೆ ಕನಿಷ್ಠ 15 ಗಂಟೆ ಮನೆಯಲ್ಲೇ ಆಮ್ಲಜನಕ ಪಡೆದ 42 ರೋಗಿಗಳಲ್ಲಿ ಐದು ವರ್ಷಗಳೊಳಗೆ 19 ಮಂದಿ ತೀರಿಕೊಂಡರು. ಪಡೆಯದ 45 ಮಂದಿಯಲ್ಲಿ 30. ಆದರೆ ಈ ಲಾಭ ರಕ್ತದಲ್ಲಿ ಆಮ್ಲಜನಕ ತೀರಾ ಕುಸಿದವರಿಗೆ ಮಾತ್ರ. ಮಧ್ಯಮ ಮಟ್ಟದ ಕೊರತೆಯಿರುವವರಿಗೆ ಅದರಿಂದ ಆಯಸ್ಸು ಹೆಚ್ಚದು ಎಂದು 2016ರ ಅಮೆರಿಕದ ಅಧ್ಯಯನ ಹೇಳಿತು. ಸಿಲಿಂಡರ್ ಕೈಗೆ ಸಿಕ್ಕಿತೆಂದು ತಾವೇ ಹರಿವು ಹೆಚ್ಚಿಸಿಕೊಳ್ಳುವುದು ಅಪಾಯ. ಅದರ ಬಳಿ ಬೀಡಿ ಹಚ್ಚುವುದು ಇನ್ನೂ ಅಪಾಯ.

‘ಅಲ್ಲಾಡಬೇಡಿ’ ಎಂಬ ಹಳೆಯ ಉಪದೇಶವೂ ಬಿದ್ದುಹೋಯಿತು. ಡೆನ್ವರ್‌ನ ಥಾಮಸ್ ಪೆಟ್ಟಿಯಂಥವರು 1960ರ ದಶಕದಲ್ಲೇ ರೋಗಿಗಳನ್ನು ನಡೆಸಲು ಆರಂಭಿಸಿದರು. ವೇಲ್ಸ್‌ನಲ್ಲಿ ನಡೆದು 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮುಂದಿನ ವರ್ಷ ಆಸ್ಪತ್ರೆ ಸೇರಬೇಕಾಗಿ ಬಂದವರ ಪೈಕಿ ಆರು ವಾರ ವ್ಯಾಯಾಮ, ತಿಳಿವಳಿಕೆ ಪಡೆದವರು ಅಲ್ಲಿ ಕಳೆದದ್ದು ಸರಾಸರಿ 10.4 ದಿನ, ಪಡೆಯದವರು 21 ದಿನ. ನಡಿಗೆ, ಕೈಕಾಲುಗಳ ಕಸರತ್ತು, ತುಟಿ ಕಿರಿದು ಮಾಡಿ ನಿಧಾನ ಉಸಿರು ಬಿಡುವುದು ಇಲ್ಲಿನ ಮುಖ್ಯ ಪಾಠಗಳು.

1956ರಲ್ಲಿ ಮಾರುಕಟ್ಟೆಗೆ ಬಂದ ಒತ್ತುವ ಇನ್‌ಹೇಲರ್, ಆಮೇಲೆ ದಿನಕ್ಕೊಮ್ಮೆ ಎಳೆದುಕೊಂಡರೆ ಸಾಕಾಗುವ ಟಿಯೊಟ್ರೋಪಿಯಂ ಏದುಸಿರಿನ ಕಷ್ಟ ಕಡಿಮೆ ಮಾಡಿದವು. 2024ರಲ್ಲಿ ಕೆಲವು ಬಗೆಯ ರೋಗಿಗಳಿಗೆ ಡುಪಿಲುಮ್ಯಾಬ್ ಎಂಬ ಚುಚ್ಚುಮದ್ದಿಗೂ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಆದರೆ ಎಷ್ಟೋ ಮನೆಗಳಲ್ಲಿ ಔಷಧ ಶ್ವಾಸಕೋಶ ಮುಟ್ಟದೆ ಗಂಟಲಲ್ಲೇ ಉಳಿಯುತ್ತದೆ. ಪಂಪನ್ನು ಚೆನ್ನಾಗಿ ಅಲುಗಾಡಿಸಿ, ಉಸಿರು ಪೂರ್ತಿ ಹೊರಬಿಟ್ಟು, ನಿಧಾನವಾಗಿ ಒಳಗೆಳೆಯಲು ಶುರುಮಾಡುವಾಗ ಒತ್ತಬೇಕು. ಹತ್ತು ಸೆಕೆಂಡು ಉಸಿರು ಹಿಡಿಯಬೇಕು. ಪಂಪಿಗೆ ಜೋಡಿಸುವ ಸ್ಪೇಸರ್ ಎಂಬ ಕೊಳವೆ ಇದ್ದರೆ ಸುಲಭ. ಪುಡಿಯ ಕ್ಯಾಪ್ಸೂಲಾದರೆ ಜೋರಾಗಿ ಎಳೆಯಬೇಕು. ಔಷಧದಲ್ಲಿ ಸ್ಟಿರಾಯ್ಡ್ ಇದ್ದರೆ ಆಮೇಲೆ ಬಾಯಿ ಮುಕ್ಕಳಿಸಬೇಕು. ಮುಂದಿನ ಸಲ ವೈದ್ಯರ ಬಳಿ ಹೋದಾಗ ಅವರೆದುರೇ ಬಳಸಿ ತೋರಿಸಿ.

ನಮ್ಮಲ್ಲಿ ಬೆಂಗಳೂರೂ ಸೇರಿ ನಾಲ್ಕು ನಗರಗಳ ಸುತ್ತಮುತ್ತ 35,295 ಜನರನ್ನು ಪರಿಶೀಲಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನ, 35 ವರ್ಷ ದಾಟಿದ ಗಂಡಸರಲ್ಲಿ ಶೇ. 5, ಹೆಂಗಸರಲ್ಲಿ ಶೇ. 3.2 ಮಂದಿಗೆ ಸಿಒಪಿಡಿ ಇದೆ ಎಂದಿತು. ಸೇದದ ಹೆಂಗಸರಿಗೆ ಸೌದೆ ಒಲೆಯ ಹೊಗೆ, ಮನೆಯವರ ಬೀಡಿಯ ಹೊಗೆ ಎರಡೂ ಶತ್ರುಗಳೇ. ಬೀಡಿ ಚಿಕ್ಕದು, ಅದರ ಅಪಾಯವೂ ಚಿಕ್ಕದು ಎಂಬ ನಂಬಿಕೆ ತಪ್ಪು. 2002ರಲ್ಲಿ ದೇಶದಲ್ಲಿ ತೆರೆದ 13 ತಂಬಾಕು ಬಿಡಿಸುವ ಕೇಂದ್ರಗಳಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಮತ್ತು ಕಿದ್ವಾಯಿ ಸಂಸ್ಥೆಗಳೂ ಇದ್ದವು. 2008ರ ಅಕ್ಟೋಬರ್ 2ರಿಂದ ಸಾರ್ವಜನಿಕ ಸ್ಥಳಗಳಲ್ಲಿ ಸೇದುವುದರ ಮೇಲಿನ ನಿಷೇಧ ಬಿಗಿಯಾಯಿತು. ಆದರೆ ಸ್ಪೈರೋಮೀಟರ್ ಮತ್ತು ಉಸಿರಿನ ವ್ಯಾಯಾಮ ಕಲಿಸುವವರು ದೊಡ್ಡ ಊರುಗಳಿಗಷ್ಟೇ ಸೀಮಿತವಾಗಬಾರದು. ತಾಲ್ಲೂಕು ಆಸ್ಪತ್ರೆಗಳಲ್ಲಿ ಇವೆರಡೂ ಸಿಗುವಂತೆ ಮಾಡುವುದು ಸರ್ಕಾರದ ಹೊಣೆ.

ನಲವತ್ತು ದಾಟಿ, ಸೇದುವ ಚಟವಿದ್ದು, ಕೆಮ್ಮು ತಿಂಗಳುಗಟ್ಟಲೆ ಬಿಡದಿದ್ದರೆ ಸ್ಪೈರೋಮೆಟ್ರಿ ಮಾಡಿಸಿ. ಕಾಯಿಲೆ ಇದೆಯೆಂದು ಗೊತ್ತಾದವರು ಫ್ಲೂ, ನ್ಯುಮೋನಿಯಾ ಲಸಿಕೆಗಳ ಬಗ್ಗೆ ಕೇಳಿ. ಕಫದ ಬಣ್ಣ ಬದಲಾಗಿ ಏದುಸಿರು ಹೆಚ್ಚಿದರೆ ಕಾಯದೆ ವೈದ್ಯರನ್ನು ಕಾಣಿ. ಬಿಡಬೇಕೆಂಬ ಮನಸ್ಸಿದ್ದು ಒಬ್ಬರಿಂದಲೇ ಆಗದಿದ್ದರೆ ರಾಷ್ಟ್ರೀಯ ಸಹಾಯವಾಣಿ 1800-11-2356ಕ್ಕೆ ಕರೆ ಮಾಡಿ. ಕರೆಗೆ ಹಣ ಬೇಕಿಲ್ಲ. ಒಮ್ಮೆ ಬಿಟ್ಟು ಮತ್ತೆ ಹಿಡಿದವರೂ ಇನ್ನೊಮ್ಮೆ ಪ್ರಯತ್ನಿಸಿ. ಐವತ್ತರಲ್ಲಿ ಬಿಟ್ಟರೂ ಲಾಭ, ಎಪ್ಪತ್ತರಲ್ಲಿ ಬಿಟ್ಟರೂ ಲಾಭ.