'ಬಂಧುಗಳು' ಯಾರು, ಬಲಿಪೂಜೆ ಎಂದು: 2020ರ ಇಟಲಿಯಲ್ಲಿ ಸರ್ಕಾರದ ಮಾತು ಮತ್ತು ಧರ್ಮಸಭೆಯ ಉತ್ತರ

2020ರ ಏಪ್ರಿಲ್ 26 ಪಾಸ್ಖಕಾಲದ ಮೂರನೆಯ ಭಾನುವಾರವಾಗಿತ್ತು. ಅಂದಿನ ಶುಭಸಂದೇಶ ಎಮ್ಮಾವು ಗ್ರಾಮದ ದಾರಿಯಲ್ಲಿ ನಡೆದ, ರೊಟ್ಟಿ ಮುರಿಯುವಾಗ ಪ್ರಭುವನ್ನು ಗುರುತಿಸಿದ ಇಬ್ಬರು ಶಿಷ್ಯರದು. ಇಟಲಿಯ ಯಾಜಕರು ಅದನ್ನು ಜನರಿಲ್ಲದ ದೇವಾಲಯಗಳಲ್ಲಿ ಓದಿದರು. ಸಂಜೆ ಪ್ರಧಾನಿ ಜುಸೆಪ್ಪೆ ಕೊಂತೆಯವರು ದೂರದರ್ಶನದಲ್ಲಿ ಮಾತನಾಡಿ, ದಿಗ್ಬಂಧನದ 'ಎರಡನೆಯ ಹಂತ'ವನ್ನು ಪ್ರಕಟಿಸಿದರು. ಮೇ 4ರಿಂದ ಕಾರ್ಖಾನೆಗಳು ಮತ್ತು ಕಟ್ಟಡ ಕಾಮಗಾರಿಗಳು, ಮೇ 18ರಿಂದ ಅಂಗಡಿಗಳು ಮತ್ತು ವಸ್ತುಸಂಗ್ರಹಾಲಯಗಳು, ಜೂನ್ 1ರಿಂದ ಉಪಾಹಾರ ಗೃಹಗಳು ಮತ್ತು ಕ್ಷೌರದ ಅಂಗಡಿಗಳು ತೆರೆಯಬಹುದಾಗಿತ್ತು. ಶವಸಂಸ್ಕಾರಕ್ಕೆ ಗರಿಷ್ಠ 15 ಮಂದಿ ಸೇರಲು ಅನುಮತಿ ದೊರೆಯಿತು. ಜನರೊಡನೆ ಬಲಿಪೂಜೆ ಎಂದು ಆರಂಭವಾಗುವುದೆಂಬುದಕ್ಕೆ ಮಾತ್ರ ದಿನಾಂಕವಿರಲಿಲ್ಲ. ಅದೇ ರಾತ್ರಿ ಇಟಲಿಯ ಧರ್ಮಾಧ್ಯಕ್ಷರ ಮಂಡಳಿಯು ತನ್ನ ಅಸಮ್ಮತಿಯನ್ನು ಲಿಖಿತವಾಗಿ ಹೊರಡಿಸಿತು.

ಈ ಪ್ರಸಂಗವನ್ನು ಆರಾಧನಾ ಸ್ವಾತಂತ್ರ್ಯ ಮತ್ತು ಸಾರ್ವಜನಿಕ ಆರೋಗ್ಯಗಳ ನಡುವಿನ ಸಂಘರ್ಷವೆಂದು ವಿವರಿಸುವುದು ನಮ್ಮ ತರಗತಿಗಳಲ್ಲಿಯೂ ವಾಡಿಕೆಯಾಗಿದೆ. ಆ ವಿವರಣೆ ತಪ್ಪಲ್ಲವಾದರೂ ಸಾಲದು ಎಂಬುದು ನಮ್ಮ ಅಭಿಪ್ರಾಯ. ಅಂದು ಇಟಲಿಯಲ್ಲಿ ನಡೆದ ಸಾರ್ವಜನಿಕ ಚರ್ಚೆಯ ಬಹುಪಾಲು ನಿರ್ಬಂಧಗಳ ಕುರಿತದ್ದಾಗಿರಲಿಲ್ಲ. ನಿರ್ಬಂಧಗಳನ್ನು ತಿಳಿಸಿದ ಬಗೆಯ ಕುರಿತದ್ದಾಗಿತ್ತು. ಯಾರು ಹೇಳಿದರು, ಯಾವಾಗ ಹೇಳಿದರು, ಯಾವ ಪದ ಬಳಸಿದರು, ಕಾರಣ ಕೊಟ್ಟರೇ ಎಂಬ ಪ್ರಶ್ನೆಗಳೇ ಜನರ ಬಾಯಲ್ಲಿದ್ದವು.

ಅದಕ್ಕೊಂದು ಹಿನ್ನೆಲೆಯಿತ್ತು. ಮಾರ್ಚ್ 7ರ ರಾತ್ರಿ, ಲೊಂಬಾರ್ದಿಯಾ ಪ್ರಾಂತ್ಯವನ್ನು ಮುಚ್ಚುವ ಆದೇಶದ ಕರಡು ಸಹಿ ಬೀಳುವ ಮುನ್ನವೇ ಪತ್ರಿಕೆಗಳಿಗೆ ಸೋರಿ, ಮಿಲಾನ್ ನಗರದ ರೈಲು ನಿಲ್ದಾಣಗಳಿಗೆ ಜನ ಗಂಟುಮೂಟೆಯೊಡನೆ ಧಾವಿಸಿದರು. ದಕ್ಷಿಣದ ಊರುಗಳಿಗೆ ಹೊರಟ ಆ ರೈಲುಗಳು ಏನನ್ನು ಹೊತ್ತೊಯ್ಯುತ್ತಿವೆಯೋ ಎಂಬ ಭಯ ದೇಶವನ್ನು ಆವರಿಸಿತು. ಮಾರ್ಚ್ 21ರ ಶನಿವಾರ, ನಡುರಾತ್ರಿ ಸಮೀಪಿಸುತ್ತಿದ್ದಾಗ, ಅನಿವಾರ್ಯವಲ್ಲದ ಉದ್ಯಮಗಳನ್ನು ಮುಚ್ಚುವ ನಿರ್ಧಾರವನ್ನು ಪ್ರಧಾನಿ ಫೇಸ್‌ಬುಕ್ ನೇರಪ್ರಸಾರದಲ್ಲಿ ಹೇಳಿದರು. ಆದೇಶದ ಪಠ್ಯ ಕೈಸೇರಲು ಜನ ಮರುದಿನದವರೆಗೆ ಕಾಯಬೇಕಾಯಿತು. ಪ್ರತಿ ಸಂಜೆ ಆರು ಗಂಟೆಗೆ ನಾಗರಿಕ ರಕ್ಷಣಾ ಇಲಾಖೆ ಸತ್ತವರ ಸಂಖ್ಯೆಯನ್ನು ಓದುತ್ತಿತ್ತು. ಬೆರ್ಗಾಮೊ ನಗರದಿಂದ ಶವಪೆಟ್ಟಿಗೆಗಳನ್ನು ಸೈನ್ಯದ ಲಾರಿಗಳು ಸಾಗಿಸಿದ್ದು ಮಾರ್ಚ್ 18ರಂದು. ಅದೊಂದೇ ಧರ್ಮಪ್ರಾಂತ್ಯ ಇಪ್ಪತ್ತಕ್ಕೂ ಹೆಚ್ಚು ಯಾಜಕರನ್ನು ಕಳೆದುಕೊಂಡಿತು.

ಧರ್ಮಸಭೆಯ ಮಾತೂ ಆ ದಿನಗಳಲ್ಲಿ ತೊಡರಿದ್ದುಂಟು. ಮಾರ್ಚ್ 8ರ ಆದೇಶ ದೇವಾಲಯಗಳನ್ನು ಮುಚ್ಚಿರಲಿಲ್ಲ. ಶವಸಂಸ್ಕಾರವೂ ಸೇರಿದಂತೆ ನಾಗರಿಕ ಹಾಗೂ ಧಾರ್ಮಿಕ ವಿಧಿಗಳನ್ನು ಅಮಾನತಿನಲ್ಲಿಟ್ಟಿತ್ತು. ಧರ್ಮಾಧ್ಯಕ್ಷರು ಅದನ್ನು ನೋವಿನಿಂದಲೇ ಒಪ್ಪಿಕೊಂಡಿದ್ದರು. ಮಾರ್ಚ್ 12ರಂದು ರೋಮ್ ಧರ್ಮಪ್ರಾಂತ್ಯದ ಆಡಳಿತ ನೋಡುತ್ತಿದ್ದ ಕಾರ್ಡಿನಲ್ ಆಂಜೆಲೊ ದೆ ದೊನಾತಿಸ್ ನಗರದ ಎಲ್ಲ ದೇವಾಲಯಗಳ ಬಾಗಿಲು ಹಾಕಿಸಿದರು. ಕಠಿಣ ಕ್ರಮಗಳು ಯಾವಾಗಲೂ ಒಳ್ಳೆಯವಲ್ಲ ಎಂಬರ್ಥದ ಮಾತನ್ನು ಮರುದಿನ ಬೆಳಗಿನ ಬಲಿಪೂಜೆಯಲ್ಲಿ ವಿಶ್ವಗುರು ಫ್ರಾನ್ಸಿಸ್ ಆಡಿದ ಮೇಲೆ, ಧರ್ಮಕೇಂದ್ರಗಳ ದೇವಾಲಯಗಳು ಮತ್ತೆ ತೆರೆದವು. ಸರ್ಕಾರವನ್ನು ಗೊಂದಲಕ್ಕಾಗಿ ದೂರುವ ಮುನ್ನ ಈ ಒಂದು ದಿನದ ಆದೇಶವನ್ನೂ ನಾವು ನೆನೆಯುವುದು ನ್ಯಾಯ.

ಏಪ್ರಿಲ್ 26ರ ಆದೇಶದಲ್ಲಿ ಎಲ್ಲಕ್ಕಿಂತ ಹೆಚ್ಚು ಚರ್ಚೆಗೆ ಒಳಗಾದದ್ದು ಒಂದೇ ಒಂದು ಪದ: 'ಕೊಂಜುಂತಿ'. ಮೇ 4ರಿಂದ ಜನರು ತಮ್ಮ 'ಕೊಂಜುಂತಿ'ಯನ್ನು ಭೇಟಿಯಾಗಬಹುದು ಎಂದಿತ್ತು ಆದೇಶ. ಕನ್ನಡದಲ್ಲಿ ಬಂಧುಗಳು, ನಂಟರು ಎನ್ನಬಹುದು; ಪದದ ಮೂಲಾರ್ಥ 'ಕೂಡಿಸಲ್ಪಟ್ಟವರು'. ಯಾರು ಕೂಡಿಸಿದವರು? ಮದುವೆ ನಿಶ್ಚಯವಾದ ಹುಡುಗಿ ಬಂಧುವೇ? ಮೂವತ್ತು ವರ್ಷಗಳಿಂದ ಒಡನಾಡಿದ ಗೆಳೆಯ? ಒಂಟಿ ಮುದುಕಿಗೆ ದಿನವೂ ಊಟ ತಂದುಕೊಡುವ ನೆರೆಮನೆಯಾಕೆ? ಮರುದಿನ ಸರ್ಕಾರದ ಮೂಲಗಳು 'ಸ್ಥಿರವಾದ ಪ್ರೀತಿ' ಉಳ್ಳವರೂ ಸೇರುತ್ತಾರೆ ಎಂದವು. ಇದರಿಂದ ಗೊಂದಲ ಕಡಿಮೆಯಾಗಲಿಲ್ಲ. ಪ್ರೀತಿಯ ಸ್ಥಿರತೆಯನ್ನು ರಸ್ತೆಯಲ್ಲಿ ತಡೆದ ಪೊಲೀಸರಿಗೆ ಹೇಗೆ ತೋರಿಸುವುದೆಂದು ಇಡೀ ದೇಶ ನಕ್ಕಿತು. ಕೊನೆಗೆ ಮೇ 2ರಂದು ಪ್ರಶ್ನೋತ್ತರದ ರೂಪದಲ್ಲಿ ವಿವರಣೆ ಬಂತು: ದಂಪತಿಗಳು, ಜೊತೆಗೆ ಬಾಳುವವರು, ಸ್ಥಿರ ಪ್ರೇಮಬಂಧವುಳ್ಳವರು, ಆರನೆಯ ಹಂತದವರೆಗಿನ ರಕ್ತಸಂಬಂಧಿಗಳು, ನಾಲ್ಕನೆಯ ಹಂತದವರೆಗಿನ ವಿವಾಹಸಂಬಂಧಿಗಳು. ಗೆಳೆಯರು ಸೇರಲಿಲ್ಲ. ಆರನೆಯ ಹಂತವೆಂದರೆ ಅಜ್ಜನ ಒಡಹುಟ್ಟಿದವರ ಮೊಮ್ಮಕ್ಕಳು. ರಕ್ತಸಂಬಂಧದ ವಿವಾಹ ಅಡ್ಡಿಯನ್ನು ನಮ್ಮ ಧರ್ಮಸಭೆಯ ಕಾನೂನೇ ಪಾರ್ಶ್ವರೇಖೆಯಲ್ಲಿ ನಾಲ್ಕನೆಯ ಹಂತಕ್ಕೆ ನಿಲ್ಲಿಸುತ್ತದೆ. ಮದುವೆಯಾಗಲು ಸಾಕಷ್ಟು ದೂರದವರು ಭೇಟಿಗೆ ಮಾತ್ರ ಹತ್ತಿರದವರಾದರು!

ಈ ಪದ ಬಲಿಪೀಠದವರೆಗೂ ಬಂದದ್ದನ್ನು ಹಲವರು ಗಮನಿಸಲಿಲ್ಲ. ಶವಸಂಸ್ಕಾರಕ್ಕೆ ಸೇರಬಹುದಾದ 15 ಮಂದಿಯೂ 'ಕೊಂಜುಂತಿ'ಯೇ ಆಗಿರಬೇಕೆಂದು ಅದೇ ಆದೇಶ ಹೇಳುತ್ತಿತ್ತು. ಎರಡು ತಿಂಗಳು ಶವಗಳು ಪ್ರಾರ್ಥನೆಯ ಒಂದೆರಡು ಮಾತುಗಳೊಡನೆ ಸಮಾಧಿ ಸೇರಿದ್ದವು. ಈಗ ವಿಧಿಗೆ ಅನುಮತಿ ಬಂದಾಗ, ಅಕ್ಷರಶಃ ಓದಿದರೆ, ಸತ್ತವನ ಜ್ಞಾನಸ್ನಾನದ ತಂದೆಗೂ ಜೀವದ ಗೆಳೆಯನಿಗೂ ಅಲ್ಲಿ ಸ್ಥಳವಿರಲಿಲ್ಲ. ತಾಯಿ ಯಾರು, ಸೋದರರು ಯಾರು ಎಂದು ಸುತ್ತ ಕುಳಿತವರನ್ನು ನೋಡಿ ಪ್ರಭು ಕೇಳಿದ ಪ್ರಶ್ನೆಯನ್ನು ಬಲ್ಲ ಧರ್ಮಸಭೆಗೆ ಇದು ಸಣ್ಣ ವಿಷಯವಾಗಿರಬಾರದಿತ್ತು. ಆದರೆ ಆ ರಾತ್ರಿಯ ಪ್ರತಿಭಟನೆ ಬಲಿಪೂಜೆಯ ಸುತ್ತಲೇ ನಿಂತಿತು.

ಧರ್ಮಾಧ್ಯಕ್ಷರ ಹೇಳಿಕೆಯಲ್ಲಿ ಎರಡು ವಾದಗಳಿದ್ದವು. ಮೊದಲನೆಯದು ಮಾತಿಗೆ ಸಂಬಂಧಿಸಿದ್ದು. ಆರಾಧನೆಗೆ ಇನ್ನಷ್ಟು ಅವಕಾಶ ನೀಡುವ ಕ್ರಮಗಳು ಪರಿಶೀಲನೆಯಲ್ಲಿವೆ ಎಂದು ಒಳಾಡಳಿತ ಸಚಿವೆ ಲುಚಾನಾ ಲಮೊರ್ಜೆಸೆ ಏಪ್ರಿಲ್ 23ರಂದು ಹೇಳಿದ್ದರು. ಮಂಡಳಿಯೂ ತನ್ನ ಸಲಹೆಗಳನ್ನು ಸಲ್ಲಿಸಿತ್ತು. ಮೂರು ದಿನಗಳ ನಂತರ ಬಂದ ಆದೇಶ ಅದನ್ನೆಲ್ಲ ಬದಿಗಿರಿಸಿತ್ತು. ಎರಡನೆಯದು ದೈವಶಾಸ್ತ್ರಕ್ಕೆ ಸಂಬಂಧಿಸಿದ್ದು: ಈ ಸಂಕಟದಲ್ಲಿ ಬಡವರಿಗಾಗಿ ಧರ್ಮಸಭೆ ಮಾಡುತ್ತಿರುವ ಸೇವೆ ವಿಶ್ವಾಸದಿಂದ ಹುಟ್ಟುವಂಥದ್ದು, ಆ ವಿಶ್ವಾಸ ಸಂಸ್ಕಾರಗಳಿಂದ ಪೋಷಣೆ ಪಡೆಯುವಂಥದ್ದು. ಅನ್ನದಾನವನ್ನು ಶ್ಲಾಘಿಸುತ್ತ ಬಲಿಪೂಜೆಯನ್ನು ಮುಂದೂಡಬಹುದಾದ ಸಭೆಯೆಂದು ಕಾಣುವ ಸರ್ಕಾರ ಮರದ ಹಣ್ಣನ್ನು ಮೆಚ್ಚಿ ಬೇರನ್ನು ಮರೆತಿದೆ ಎಂಬುದು ಅದರ ಧ್ವನಿ. ಈ ಎರಡನೆಯ ವಾದ ನಮಗೆ ಹೆಚ್ಚು ಗಟ್ಟಿಯಾಗಿ ಕಾಣುತ್ತದೆ. ಧರ್ಮಸಭೆ ಮತ್ತು ರಾಜ್ಯ ತಮ್ಮ ತಮ್ಮ ಕ್ಷೇತ್ರಗಳಲ್ಲಿ ಸ್ವತಂತ್ರ ಎಂಬ ಇಟಲಿ ಸಂವಿಧಾನದ 7ನೆಯ ವಿಧಿಯ ಬಲವನ್ನು ಅದು ಕೇವಲ ಹಕ್ಕಿನ ಮಾತಾಗಿ ಬಳಸದೆ, ಧರ್ಮಸಭೆಯ ಸ್ವರೂಪವನ್ನೇ ವಿವರಿಸಲು ಯತ್ನಿಸಿತು.

ಆದರೂ ಆ ಹೇಳಿಕೆಯಲ್ಲಿ ಒಂದು ಕೊರತೆಯಿತ್ತು. ಸರ್ಕಾರಕ್ಕೆ ಸಲಹೆ ನೀಡುತ್ತಿದ್ದ ತಾಂತ್ರಿಕ-ವೈಜ್ಞಾನಿಕ ಸಮಿತಿಗೆ ಬಲಿಪೂಜೆಯ ಬಗ್ಗೆ, ವಿಶೇಷವಾಗಿ ಪರಮಪ್ರಸಾದ ವಿತರಣೆಯಲ್ಲಿ ಆಗುವ ನಿಕಟ ಸಂಪರ್ಕದ ಬಗ್ಗೆ, ನಿಜವಾದ ಆತಂಕವಿತ್ತು. ಆ ಆತಂಕಕ್ಕೆ ಧರ್ಮಾಧ್ಯಕ್ಷರು ಉತ್ತರ ಕೊಡಲಿಲ್ಲ. ಹಾಗೆಂದು ದೋಷವನ್ನು ಪೂರ್ತಿಯಾಗಿ ಅವರ ಮೇಲೆ ಹೊರಿಸುವಂತೆಯೂ ಇಲ್ಲ. ಸಮಿತಿಯ ನಡವಳಿಗಳು ಅಂದು ಗೋಪ್ಯವಾಗಿದ್ದವು; ಪ್ರತಿಷ್ಠಾನವೊಂದು ನ್ಯಾಯಾಲಯಕ್ಕೆ ಹೋದ ಮೇಲೆ, ಅವುಗಳಲ್ಲಿ ಕೆಲವು ಆ ವರ್ಷದ ಆಗಸ್ಟ್‌ನಲ್ಲಿ ಬೆಳಕಿಗೆ ಬಂದವು. ಕಾರಣವನ್ನು ಬೀಗ ಹಾಕಿಟ್ಟು ವಿಧೇಯತೆಯನ್ನು ಮಾತ್ರ ಕೇಳಿದಾಗ, ವಸ್ತುಸಂಗ್ರಹಾಲಯಕ್ಕೆ ದಿನಾಂಕವುಂಟು ದೇವಾಲಯಕ್ಕಿಲ್ಲ ಎಂಬ ಹೋಲಿಕೆಯೊಂದೇ ಜನರ ಮುಂದೆ ಉಳಿಯಿತು. ಆ ಹೋಲಿಕೆ ಮಾಡಿದ ಗಾಯವನ್ನು ಅದೇ ರಾತ್ರಿ ಪ್ರಧಾನಿಯ ಕಾರ್ಯಾಲಯ ಗ್ರಹಿಸಿತು. ಧರ್ಮಾಧ್ಯಕ್ಷರ ಮಾತನ್ನು ಗಮನಿಸಿರುವುದಾಗಿಯೂ ಬಲಿಪೂಜೆಗೆ ಒಂದು ಶಿಷ್ಟಾಚಾರ ಪತ್ರವನ್ನು ಸಿದ್ಧಪಡಿಸುವುದಾಗಿಯೂ ತಿಳಿಸಿತು.

ಏಪ್ರಿಲ್ 28ರ ಬೆಳಿಗ್ಗೆ ವಿಶ್ವಗುರು ಫ್ರಾನ್ಸಿಸ್ ತಮ್ಮ ಬಲಿಪೂಜೆಯ ಆರಂಭದಲ್ಲಿ, ದಿಗ್ಬಂಧನದಿಂದ ಹೊರಬರುವ ಸೂಚನೆಗಳು ದೊರೆಯುತ್ತಿರುವ ಈ ಹೊತ್ತಿನಲ್ಲಿ ಪ್ರಭು ತನ್ನ ಜನರಿಗೆ ವಿವೇಕವನ್ನೂ ವಿಧೇಯತೆಯನ್ನೂ ಕರುಣಿಸಲಿ, ವ್ಯಾಧಿ ಮರುಕಳಿಸದಿರಲಿ ಎಂದು ಪ್ರಾರ್ಥಿಸಿದರು. ಪತ್ರಿಕೆಗಳು ಇದನ್ನು ಧರ್ಮಾಧ್ಯಕ್ಷರಿಗೆ ಕೊಟ್ಟ ಪೆಟ್ಟೆಂದು ಓದಿದವು. ನಾವು ಹಾಗೆ ಓದಲಾರೆವು. ಅಸಮ್ಮತಿ ಸೂಚಿಸಿದ ಮಂಡಳಿ ಒಂದು ದಿನವೂ ಆದೇಶವನ್ನು ಮುರಿಯಿರೆಂದು ಯಾಜಕರಿಗೆ ಹೇಳಿರಲಿಲ್ಲ. ತಪ್ಪೆಂದು ಕಂಡ ಆದೇಶವನ್ನು ಪಾಲಿಸುತ್ತಲೇ ಅದನ್ನು ಬಹಿರಂಗವಾಗಿ ಪ್ರಶ್ನಿಸುವುದು ವಿಧೇಯತೆಗೆ ವಿರುದ್ಧವಾದುದಲ್ಲ; ರಾಜಕೀಯ ಸಮುದಾಯದೊಡನೆ ಸ್ವಾಯತ್ತತೆ ಮತ್ತು ಸಹಕಾರ ಎರಡನ್ನೂ ಬೋಧಿಸುವ 'ಗೌದಿಯುಂ ಎತ್ ಸ್ಪೆಸ್' 76ನೆಯ ಪರಿಚ್ಛೇದ ಇಂಥ ಹೊತ್ತಿಗೇ ಬರೆದಂತಿದೆ.

ಲೊಂಬಾರ್ದಿಯಾ ಪ್ರಾಂತ್ಯಕ್ಕೆ ಇಂಥ ಜಗಳಗಳು ಹೊಸವಲ್ಲ. 1629ರಲ್ಲಿ ಪ್ಲೇಗ್ ಮಿಲಾನ್ ನಗರವನ್ನು ಸಮೀಪಿಸುತ್ತಿದ್ದಾಗ, ಸೋಂಕಿತ ಪ್ರದೇಶಗಳಿಂದ ಬರುವವರನ್ನು ತಡೆಯುವ ಆಜ್ಞೆಯನ್ನು ಅಕ್ಟೋಬರ್ 30ರಂದು ನಿಶ್ಚಯಿಸಿ ನವೆಂಬರ್ 29ರಂದು ಸಾರಲಾಯಿತೆಂದೂ ಅಷ್ಟರಲ್ಲಿ ರೋಗ ನಗರದೊಳಗಿತ್ತೆಂದೂ ಮಂಜೋನಿ ತಮ್ಮ 'ಇ ಪ್ರೊಮೆಸ್ಸಿ ಸ್ಪೋಸಿ' ಕಾದಂಬರಿಯಲ್ಲಿ ದಾಖಲಿಸುತ್ತಾರೆ. ರೋಗವನ್ನು ಅದರ ಹೆಸರಿನಿಂದ ಕರೆಯಲು ಅಧಿಕಾರಿಗಳೂ ವೈದ್ಯರೂ ಹಿಂಜರಿದ ಬಗೆಯನ್ನು ಅವರು ಹಂತಹಂತವಾಗಿ ಚಿತ್ರಿಸಿದ್ದಾರೆ. ಧರ್ಮಸಭೆಯ ಕಡೆಯ ದೌರ್ಬಲ್ಯವನ್ನೂ ಅವರು ಮುಚ್ಚಿಡುವುದಿಲ್ಲ: ಸಂತ ಚಾರ್ಲ್ಸ್ ಬೊರೊಮೆಯೊ ಅವರ ಪಾರ್ಥಿವ ಶರೀರದ ಮೆರವಣಿಗೆಯನ್ನು ಮೊದಲು ನಿರಾಕರಿಸಿದ ಕಾರ್ಡಿನಲ್ ಫೆದೆರಿಗೊ ಬೊರೊಮೆಯೊ ಕೊನೆಗೆ ಒತ್ತಾಯಕ್ಕೆ ಮಣಿದರು, 1630ರ ಜೂನ್ 11ರಂದು ಅದು ನಡೆದು, ಆನಂತರ ಸಾವುಗಳು ಏರಿದವು. ಅದಕ್ಕೂ ಅರ್ಧ ಶತಮಾನದ ಹಿಂದೆ, 1576ರ ಪ್ಲೇಗಿನಲ್ಲಿ, ಅದೇ ಸಂತ ಚಾರ್ಲ್ಸ್ ಬೇರೆ ದಾರಿ ಹುಡುಕಿದ್ದರು. ಜನ ಮನೆಗಳಲ್ಲಿ ಬಂಧಿಯಾದಾಗ ಅವರು ಕೂಡುರಸ್ತೆಗಳಲ್ಲಿ ಬಲಿಪೀಠಗಳನ್ನು ನಿಲ್ಲಿಸಿದರು. ಕಿಟಕಿಗಳಿಂದಲೇ ಜನ ಬಲಿಪೂಜೆಯಲ್ಲಿ ಪಾಲ್ಗೊಂಡರು. ದಿಗ್ಬಂಧನವನ್ನು ಒಪ್ಪಿಕೊಂಡೇ ಆರಾಧನೆಯ ಸ್ಥಳವನ್ನು ಬದಲಿಸಿದ ಆ ಕಲ್ಪಕತೆ 2020ರ ಏಪ್ರಿಲ್‌ನ ಎರಡೂ ಪಕ್ಷಗಳಲ್ಲಿ ಅಷ್ಟಾಗಿ ಕಾಣಲಿಲ್ಲ.

ಫ್ರಾನ್ಸಿನಲ್ಲಿ ಈ ಪ್ರಶ್ನೆಯನ್ನು ಉನ್ನತ ಆಡಳಿತ ನ್ಯಾಯಾಲಯ ಮೇ 18ರಂದು ಬಗೆಹರಿಸಿತು. ಇಟಲಿಯಲ್ಲಿ ಮಾತುಕತೆಯೇ ಸಾಕಾಯಿತು. ಮೇ 7ರಂದು ಧರ್ಮಾಧ್ಯಕ್ಷರ ಮಂಡಳಿಯ ಅಧ್ಯಕ್ಷ ಕಾರ್ಡಿನಲ್ ಗ್ವಾಲ್ತಿಯೆರೊ ಬಸ್ಸೆತ್ತಿ, ಪ್ರಧಾನಿ ಮತ್ತು ಒಳಾಡಳಿತ ಸಚಿವೆ ಶಿಷ್ಟಾಚಾರ ಪತ್ರಕ್ಕೆ ಸಹಿ ಹಾಕಿದರು. ಮೇ 18ರಂದು ಜನ ಬಲಿಪೂಜೆಗೆ ಮರಳಿದರು. ಮೇ 15ರಂದು ಯೆಹೂದ್ಯ, ಇಸ್ಲಾಂ, ಪ್ರೊಟೆಸ್ಟೆಂಟ್, ಆರ್ಥೊಡಾಕ್ಸ್, ಹಿಂದೂ, ಬೌದ್ಧ ಮೊದಲಾದ ಸಮುದಾಯಗಳೊಡನೆಯೂ ಇಂಥ ಒಪ್ಪಂದಗಳಾದವು. ಆ ಪತ್ರವನ್ನು ನಾವು ಆರಾಧನಾ ವಿಧಿಯ ತರಗತಿಯಲ್ಲಿ ಓದಿಸುವುದುಂಟು, ಅದರ ಭಾಷೆಗಾಗಿ. ತೀರ್ಥದ ಬಟ್ಟಲುಗಳು ಬರಿದಾಗಿರಲಿ, ಗಾಯನವೃಂದ ಬೇಡ, ವಾದ್ಯಗಾರನೊಬ್ಬ ಇರಬಹುದು, ಶಾಂತಿಯ ವಿನಿಮಯವನ್ನು ಬಿಡಿ, ಕಾಣಿಕೆಯ ತಟ್ಟೆಯನ್ನು ಸಾಲಿನಲ್ಲಿ ತಿರುಗಿಸಬೇಡಿ, ಪರಮಪ್ರಸಾದ ನೀಡುವವರು ಕೈಗವಸು ತೊಟ್ಟು ಮೂಗು ಬಾಯಿ ಮುಚ್ಚಿಕೊಂಡು, ಸ್ವೀಕರಿಸುವವರ ಕೈ ಮುಟ್ಟದಂತೆ ನೀಡಲಿ. ಬಲಿಪೂಜೆಯ ಒಳಗನ್ನು ಬಲ್ಲವರು ಮೇಜಿನ ಒಂದು ಬದಿಗೆ, ರೋಗದ ನಡೆಯನ್ನು ಬಲ್ಲವರು ಇನ್ನೊಂದು ಬದಿಗೆ ಕುಳಿತು ಬರೆದದ್ದೆಂಬುದು ಪ್ರತಿ ಸಾಲಿನಲ್ಲೂ ತಿಳಿಯುತ್ತದೆ. ಹನ್ನೊಂದು ದಿನ ಮೊದಲೇ ಇದು ಸಾಧ್ಯವಿತ್ತಲ್ಲವೇ ಎಂಬ ಪ್ರಶ್ನೆಯೂ ಓದುವಾಗ ಏಳುತ್ತದೆ.

ಅದೇ ಬೇಸಿಗೆಯಲ್ಲಿ ನಮ್ಮ ನಾಡಿಗೂ ತೆರೆಯುವ ಕಾಲ ಬಂತು. ಜೂನ್ 1ರಿಂದ ದೇವಸ್ಥಾನಗಳನ್ನು ತೆರೆಯುವ ಇಂಗಿತವನ್ನು ಕರ್ನಾಟಕ ಸರ್ಕಾರ ಮೇ ಕೊನೆಯ ವಾರದಲ್ಲಿ ವ್ಯಕ್ತಪಡಿಸಿತ್ತು. ಮೇ 30ರ ಕೇಂದ್ರದ 'ಅನ್‌ಲಾಕ್' ಆದೇಶ ಜೂನ್ 8 ಎಂದಿತು. ಜೂನ್ 4ರಂದು ಬಂದ ಕೇಂದ್ರ ಆರೋಗ್ಯ ಸಚಿವಾಲಯದ ಕಾರ್ಯವಿಧಾನ ಎಲ್ಲ ಧರ್ಮಗಳ ಆರಾಧನಾ ಸ್ಥಳಗಳಿಗೂ ಒಂದೇ ಆಗಿತ್ತು: ವಿಗ್ರಹ, ಪವಿತ್ರ ಗ್ರಂಥಗಳನ್ನು ಮುಟ್ಟಬಾರದು, ಪ್ರಸಾದ ಕೊಡಬಾರದು, ತೀರ್ಥ ಚಿಮುಕಿಸಬಾರದು. ಕನ್ನಡ ಧರ್ಮಸಭೆಯ ಯಾಜಕನಿಗೆ ಈ ಪಟ್ಟಿಯನ್ನು ಓದುವಾಗ ಇಂಗ್ಲಿಷ್ ಬಲ್ಲ ಸಹೋದರನಿಗಿಲ್ಲದ ತೊಡಕೊಂದು ಎದುರಾಗುತ್ತದೆ. ನಮ್ಮ ಹಿರಿಯರು ಕ್ರಿಸ್ತನ ಶರೀರಕ್ಕೆ ಇಟ್ಟ ಹೆಸರೇ ಪರಮಪ್ರಸಾದ. ಪಟ್ಟಿಯ 'ಪ್ರಸಾದ'ದಲ್ಲಿ ಅದು ಸೇರಿತೇ ಇಲ್ಲವೇ? ಸೇರಿತೆಂದರೆ ದೇವಾಲಯ ತೆರೆದರೂ ಜನ ಹಸಿದೇ ಹಿಂದಿರುಗಬೇಕು. ಸೇರಲಿಲ್ಲವೆಂದರೆ, ಪಕ್ಕದ ದೇವಸ್ಥಾನದ ಭಕ್ತನಿಗಿಲ್ಲದ ವಿನಾಯಿತಿ ನಮಗೇಕೆಂದು ನೆರೆಯವರಿಗೆ ನಾವು ಹೇಳಬೇಕು. ಸಂಸ್ಕಾರವೇ ಬೇರೆ, ನೈವೇದ್ಯದ ಶೇಷವೇ ಬೇರೆ ಎಂಬ ದೈವಶಾಸ್ತ್ರದ ವ್ಯತ್ಯಾಸ ತಹಸೀಲ್ದಾರರ ಕಚೇರಿಯಲ್ಲಿ ಉತ್ತರವಾಗದು. ಇಟಲಿಯ ಪತ್ರದಲ್ಲಿ ಈ ಪ್ರಶ್ನೆಗೆ ಕೈಗವಸಿನ ಮಟ್ಟದವರೆಗೂ ಉತ್ತರವಿತ್ತು, ಏಕೆಂದರೆ ಕೇಳಬೇಕಾದವರು ಬರೆಯುವ ಮೊದಲೇ ಕೇಳಿದ್ದರು.