ಕನ್ನಡದ ಮಕ್ಕಳಿಗೆ ಹೊಸ ಪುಸ್ತಕ ಬಂದದ್ದು ಹೇಗೆ?

ಮೊದಲಿಗೆ ಒಂದು ಚಿಕ್ಕ ರಸಪ್ರಶ್ನೆ. 'ಅಮರ ಚಿತ್ರ ಕಥೆ' ಮೊದಲು ಹೊರಬಂದದ್ದು ಯಾವ ಭಾಷೆಯಲ್ಲಿ? ಮೊನ್ನೆ ಆಫೀಸಿನಲ್ಲಿ ಊಟದ ಹೊತ್ತಿಗೆ ಗೆಳೆಯರನ್ನು ಕೇಳಿದೆ. ಕೆಲವರು ಇಂಗ್ಲಿಷ್ ಅಂದರು, ಇನ್ನು ಕೆಲವರು ಹಿಂದಿ ಅಂದರು. ಸರಿಯುತ್ತರ ಕನ್ನಡ! ಅದೂ ನಮ್ಮ ಬೆಂಗಳೂರಿನಲ್ಲೇ, 1965ರಲ್ಲಿ. ಒಬ್ಬರೂ ನಂಬಲಿಲ್ಲ.

ಈ ಕಥೆಗೆ ಆಮೇಲೆ ಬರುತ್ತೇನೆ. ಅದಕ್ಕೂ ಮೊದಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಕನ್ನಡದಲ್ಲಿ ಮಕ್ಕಳ ಪುಸ್ತಕಗಳ ಚರಿತ್ರೆ ಓದುತ್ತಾ ಹೋದಂತೆ ನನಗೆ ಒಂದು ವಿಷಯ ಸ್ಪಷ್ಟವಾಯಿತು. ನಮ್ಮಲ್ಲಿ ಒಳ್ಳೆಯ ಬರಹಗಾರರಿಗೆ ಯಾವತ್ತೂ ಬರವಿರಲಿಲ್ಲ. ಆದರೆ ಹೊಸ ಪುಸ್ತಕ ಮಕ್ಕಳ ಕೈ ಸೇರಿದ್ದು, ಅದನ್ನು ತಲುಪಿಸುವ ದಾರಿಯನ್ನೂ ಯಾರೋ ಒಬ್ಬರು ತಲೆಕೆಡಿಸಿಕೊಂಡು ಹುಡುಕಿದಾಗ ಮಾತ್ರ.

ಮೊದಲ ದಾರಿ ಶಾಲೆ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು 1841ರಲ್ಲಿ ಕಲ್ಲಚ್ಚಿನ ಮುದ್ರಣಾಲಯ ಹಾಕಿದರು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರಲ್ಲಿ ಅಲ್ಲಿಂದಲೇ ಬಂತು. ಶಾಲಾ ಪುಸ್ತಕಗಳೂ ಅಲ್ಲಿ ಅಚ್ಚಾಗುತ್ತಿದ್ದವು. ಈ ವಾತಾವರಣದಲ್ಲಿ ಬೆಳೆದವರು ಬಂಟ್ವಾಳದ ಪಂಜೆ ಮಂಗೇಶರಾಯರು (1874-1937). ಮಾಸ್ತರರಾಗಿ, ಆಮೇಲೆ ಶಾಲಾ ಇನ್ಸ್‌ಪೆಕ್ಟರರಾಗಿ ಊರೂರು ತಿರುಗಿದ ಮನುಷ್ಯ. ಹಾಗಾಗಿ ಮಕ್ಕಳಿಗೆ ಏನು ಓದಿಸಿದರೆ ನಿದ್ದೆ ಬರುತ್ತದೆ, ಏನು ಓದಿಸಿದರೆ ಕಣ್ಣರಳುತ್ತದೆ ಎನ್ನುವುದು ಅವರಿಗೆ ಕಣ್ಣಾರೆ ಗೊತ್ತಿತ್ತು. 'ನಾಗರ ಹಾವೆ' ಪದ್ಯ, 'ಗುಡುಗುಡು ಗುಮ್ಮಟ ದೇವರು' ಕಥೆ, ತುಳುನಾಡಿನ ವೀರರ 'ಕೋಟಿ ಚೆನ್ನಯ', ಇವೆಲ್ಲ ಪಾಠ ಒಪ್ಪಿಸುವುದಕ್ಕೆ ಬರೆದವಲ್ಲ, ಖುಷಿಗೆ ಬರೆದವು. ಮಂಗಳೂರಿನಲ್ಲಿ 'ಬಾಲ ಸಾಹಿತ್ಯ ಮಂಡಲ'ವನ್ನೂ ಕಟ್ಟಿದರು. ನಾಗರ ಹಾವು ತಲೆಮಾರುಗಳ ನಾಲಿಗೆಯ ಮೇಲೆ ಉಳಿದದ್ದು ಪದ್ಯದ ಗುಣದಿಂದ ಹೌದು. ಪಠ್ಯಪುಸ್ತಕದೊಳಗೆ ಕೂತು ಹಳ್ಳಿ ಹಳ್ಳಿಗೆ ಹೋದದ್ದರಿಂದಲೂ ಹೌದು.

ಎರಡನೆಯ ದಾರಿ ಹಿಡಿದವರು ಶಿವರಾಮ ಕಾರಂತರು. 1936ರಲ್ಲಿ 'ಬಾಲ ಪ್ರಪಂಚ' ಮೂರು ಸಂಪುಟಗಳಲ್ಲಿ ಬಂತು. ಇಂಗ್ಲೆಂಡಿನ ಮಕ್ಕಳಿಗೆ ಆರ್ಥರ್ ಮೀ ಸಂಪಾದಿಸಿದ ಮಕ್ಕಳ ವಿಶ್ವಕೋಶ 1908ರಿಂದಲೇ ಬಿಡಿ ಸಂಚಿಕೆಗಳಾಗಿ ಸಿಗುತ್ತಿತ್ತು. ಅಲ್ಲಿ ಅದರ ಹಿಂದೆ ಒಂದು ದೊಡ್ಡ ಪ್ರಕಾಶನ, ಬರಹಗಾರರ ಒಂದು ಪಡೆ. ಇಲ್ಲಿ? ಮೂವತ್ತನಾಲ್ಕು ವರ್ಷದ ಒಬ್ಬ ಮನುಷ್ಯ! ನಕ್ಷತ್ರ, ಭೂಮಿ, ಪ್ರಾಣಿ, ಯಂತ್ರ ಎಲ್ಲವನ್ನೂ ಮಗುವಿಗೆ ಅರ್ಥವಾಗುವ ಕನ್ನಡದಲ್ಲಿ ಹೇಳಬೇಕು, ಬೇಕಾದ ಪದಗಳು ಎಷ್ಟೋ ಕಡೆ ಭಾಷೆಯಲ್ಲೇ ಇಲ್ಲ. ನಮ್ಮ ಪ್ರಾಜೆಕ್ಟುಗಳಲ್ಲಿ ಹತ್ತು ಜನ ಸೇರಿ ಒಂದು ಯೂಸರ್ ಮ್ಯಾನ್ಯುಯಲ್ ಬರೆಯಲು ಒದ್ದಾಡುವುದನ್ನು ನೋಡಿದವನಿಗೆ ಇದು ಎಂಥ ಸಾಹಸ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಕಾರಂತರು ಇಷ್ಟಕ್ಕೇ ನಿಲ್ಲಿಸಲೂ ಇಲ್ಲ. ಮುಂದೆ ದೊಡ್ಡವರಿಗಾಗಿ 'ವಿಜ್ಞಾನ ಪ್ರಪಂಚ'ದ ನಾಲ್ಕು ಸಂಪುಟಗಳನ್ನು ಬರೆದರು.

ಇದೇ ಕಾಲಮಾನದಲ್ಲಿ ಕುವೆಂಪು ಬ್ರೌನಿಂಗ್ ಕವಿಯ ಕಥನ ಕವನವನ್ನು 'ಬೊಮ್ಮನಹಳ್ಳಿಯ ಕಿಂದರಿಜೋಗಿ' ಮಾಡಿದರು. ಜಿ.ಪಿ. ರಾಜರತ್ನಂ 'ತುತ್ತೂರಿ' ಕೊಟ್ಟರು. ಜರ್ಮನಿಯ ಹ್ಯಾಮೆಲಿನ್ ಊರಿನ ಇಲಿಗಳು ನಮ್ಮ ಬೊಮ್ಮನಹಳ್ಳಿಗೆ ಬಂದದ್ದೂ ಯಾರಿಗೂ ಪರಕೀಯ ಅನಿಸಲಿಲ್ಲ ನೋಡಿ.

ಈಗ ಮತ್ತೆ 1965ಕ್ಕೆ ಬರೋಣ. ಇಂಡಿಯಾ ಬುಕ್ ಹೌಸಿನ ಬೆಂಗಳೂರು ಕಚೇರಿಯಲ್ಲಿದ್ದ ಜಿ.ಕೆ. ಅನಂತರಾಮ್ ಪುಸ್ತಕ ಮಾರುವ ಕೆಲಸದವರು. ಕನ್ನಡದಲ್ಲಿ ಬಣ್ಣದ ಚಿತ್ರಕಥೆ ತಂದರೆ ಖಂಡಿತ ಓಡುತ್ತದೆ ಎಂದು ಅವರಿಗೆ ಅನಿಸಿತು. ಮೊದಲು ಬಂದವು ಪಾಶ್ಚಾತ್ಯ ಕಥೆಗಳೇ. ಅವು ಚೆನ್ನಾಗಿ ಖರ್ಚಾದ ಮೇಲೆ ಮುಂಬೈಯವರಿಗೂ ಧೈರ್ಯ ಬಂತು. 1967ರಲ್ಲಿ ಅನಂತ ಪೈ ಬಂದರು, ಸರಣಿ ಭಾರತದ ಪುರಾಣ, ಇತಿಹಾಸದತ್ತ ತಿರುಗಿತು. ಅವರ ಮೊದಲ ಪುಸ್ತಕ 'ಕೃಷ್ಣ'. ಅದರ ಸಂಖ್ಯೆ ಮಾತ್ರ ಹನ್ನೊಂದು. ಏಕೆಂದರೆ ಮೊದಲ ಹತ್ತು ಸಂಖ್ಯೆಗಳು ಸಿಂಡರೆಲಾ ಮತ್ತಿತರ ಪಾಶ್ಚಾತ್ಯ ಕಥೆಗಳ ಪಾಲಾಗಿದ್ದವು.

ಅಂದ ಹಾಗೆ ಅನಂತ ಪೈ ಹುಟ್ಟಿದ್ದು 1929ರಲ್ಲಿ, ನಮ್ಮ ಕಾರ್ಕಳದಲ್ಲಿ. ಓದಿದ್ದು ಕೆಮಿಕಲ್ ಇಂಜಿನಿಯರಿಂಗ್. ಇಂಜಿನಿಯರಿಂಗ್ ಮುಗಿಸಿ ಬೇರೇನೋ ಮಾಡುವ ರೋಗ ನಮ್ಮ ಕಾಲದ್ದಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? :-)

ಇಲ್ಲಿ ಗಮನಿಸಬೇಕಾದದ್ದು, ಮೊದಲ ಹೆಜ್ಜೆ ಇಟ್ಟದ್ದು ಸಾಹಿತಿಯಲ್ಲ, ಪುಸ್ತಕ ಮಾರುವವರು. ಅಂಗಡಿಯವರ ನಾಡಿ ಬಲ್ಲವರು. 'ಕನ್ನಡದಲ್ಲಿ ಮಾಡಿದರೆ ಯಾರು ಕೊಳ್ಳುತ್ತಾರೆ ಸ್ವಾಮಿ?' ಎಂಬ ಮಾತು ಅಂದಿಗೂ ಇದ್ದೀತು, ಇಂದಿಗೂ ಇದೆ. ಆದರೆ ಕನ್ನಡದಲ್ಲಿ ಮಾಡಿ ನೋಡಿದ ಮೇಲೆಯೇ ಅದು ಇಡೀ ದೇಶದ ಉದ್ಯಮವಾಯಿತು. ಈ ವಿಷಯ ನಮ್ಮವರಿಗೇ ಗೊತ್ತಿಲ್ಲದಿರುವುದು ಬೇಸರದ ಸಂಗತಿ.

ಎಪ್ಪತ್ತರ ದಶಕದಲ್ಲಿ ಇನ್ನೊಂದು ದಾರಿ ತೆರೆಯಿತು. ಅದು ಬೆಲೆಯದು. ರಾಷ್ಟ್ರೋತ್ಥಾನದವರ 'ಭಾರತ-ಭಾರತಿ' ಮಾಲೆಯಲ್ಲಿ, ಪ್ರೊ. ಎಲ್.ಎಸ್. ಶೇಷಗಿರಿರಾಯರ ಸಂಪಾದಕತ್ವದಲ್ಲಿ 510 ಪುಟ್ಟ ಪುಸ್ತಕಗಳು ಬಂದವು. ಅಂಗಿಯ ಜೇಬಿಗೆ ಹಿಡಿಸುವಷ್ಟು ಚಿಕ್ಕವು, ಮಗು ತಾನೇ ದುಡ್ಡು ಕೂಡಿಟ್ಟು ಕೊಳ್ಳಬಹುದಾದವು. ಅನುಪಮಾ ನಿರಂಜನ ವೃತ್ತಿಯಿಂದ ವೈದ್ಯೆ. ಅವರು 'ದಿನಕ್ಕೊಂದು ಕಥೆ'ಯ ಹನ್ನೆರಡು ಸಂಪುಟಗಳಲ್ಲಿ ವರ್ಷದ ಪ್ರತಿ ದಿನಕ್ಕೂ ಒಂದು ಕಥೆ ಜೋಡಿಸಿಟ್ಟರು. ಮಲಗುವ ಮುಂಚೆ 'ಇವತ್ತಿನದು ಯಾವುದು?' ಎಂದು ಕೇಳುವ ಹಾಗೆ.

ತೀರಾ ಈಚಿನ ದಾರಿ ನಮ್ಮ ಕಸುಬಿನವರಿಗೆ ಪರಿಚಿತ. ಬೆಂಗಳೂರಿನಲ್ಲಿ 2004ರಲ್ಲಿ ಶುರುವಾದ ಪ್ರಥಮ್ ಬುಕ್ಸ್ 2015ರಲ್ಲಿ 'ಸ್ಟೋರಿವೀವರ್' ತೆರೆಯಿತು. ಅದರಲ್ಲಿನ ಕಥೆಗಳು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿವೆ. ಯಾರು ಬೇಕಾದರೂ ಓದಬಹುದು, ಇಳಿಸಿಕೊಳ್ಳಬಹುದು, ಅನುವಾದಿಸಬಹುದು, ಅಚ್ಚು ಹಾಕಬಹುದು; ಮೂಲದವರ ಹೆಸರು ಹೇಳಿದರೆ ಸಾಕು. ಓಪನ್ ಸೋರ್ಸ್ ತತ್ವವೇ ಇದು, ಕೋಡಿನ ಬದಲು ಕಥೆ ಅಷ್ಟೆ. ಕಾರಂತರು ಒಬ್ಬರೇ ಹೊತ್ತ ಹೊರೆಯನ್ನು ಇಲ್ಲಿ ನೂರು ಜನ ಹಂಚಿಕೊಳ್ಳಬಹುದು.

ಇಷ್ಟೆಲ್ಲ ಸರಿ. ಆದರೆ ಈ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಇದರಲ್ಲಿ ಬಹುಪಾಲು ಹತ್ತು-ಹನ್ನೆರಡು ವರ್ಷದವರೆಗಿನ ಮಕ್ಕಳಿಗೆ. ಹದಿಮೂರರ ಹುಡುಗಿ, ಹದಿನೈದರ ಹುಡುಗ ಎಲ್ಲಿ ಹೋಗಬೇಕು? ಅಮೆರಿಕದಲ್ಲಿ ಗ್ರಂಥಪಾಲಕರ ಸಂಘ ಹದಿಹರೆಯದವರಿಗೆಂದೇ 1957ರಲ್ಲಿ ಪ್ರತ್ಯೇಕ ವಿಭಾಗ ಮಾಡಿತು. ಹದಿಹರೆಯದಲ್ಲಿದ್ದಾಗಲೇ ಎಸ್.ಇ. ಹಿಂಟನ್ ಬರೆದ 'ದಿ ಔಟ್‌ಸೈಡರ್ಸ್' 1967ರಲ್ಲಿ ಬಂದು, ಆ ವಯಸ್ಸಿನವರ ಬದುಕನ್ನೇ ಕಾದಂಬರಿ ಮಾಡಬಹುದು ಎಂದು ತೋರಿಸಿತು. 1997ರಲ್ಲಿ ಬಂದ ಮೊದಲ 'ಹ್ಯಾರಿ ಪಾಟರ್' ಗಟ್ಟಿರಟ್ಟಿನ ಪ್ರತಿಗಳು ಕೇವಲ 500 ಅಚ್ಚಾಗಿದ್ದವು. ಓದುಗರು ಅದರ ಜೊತೆಜೊತೆಗೇ ಬೆಳೆದು ದೊಡ್ಡವರಾದರು.

ನಮ್ಮಲ್ಲಿ ಆ ಜಾಗವನ್ನು ಹೆಸರಿಲ್ಲದೆ ತುಂಬಿದವರು ಪೂರ್ಣಚಂದ್ರ ತೇಜಸ್ವಿ. 1980ರ 'ಕರ್ವಾಲೊ'ದಲ್ಲಿ ಹಾರುವ ಓತಿಯ ಬೆನ್ನು ಹತ್ತಿ ಹೋಗುವ ಮಂದಣ್ಣ, ಕರಿಯಪ್ಪ, ಕಿವಿ ಎಂಬ ನಾಯಿ, 'ಪರಿಸರದ ಕಥೆ', ಕೆನೆತ್ ಆಂಡರ್ಸನ್ನನ ಕಾಡಿನ ಕತೆಗಳು. ಇವು ಯಾವುವೂ ಕಿಶೋರರಿಗೆಂದು ಹಣೆಪಟ್ಟಿ ಹಚ್ಚಿಕೊಂಡು ಬಂದವಲ್ಲ. ಆದರೂ ನನಗೆ ಗೊತ್ತಿರುವ ಎಷ್ಟೋ ಜನ ಕನ್ನಡ ಓದುವುದನ್ನು ಬಿಡದೆ ಉಳಿದದ್ದೇ ಹೈಸ್ಕೂಲಿನಲ್ಲಿ ತೇಜಸ್ವಿ ಸಿಕ್ಕಿದ್ದರಿಂದ. ಅವರು 2007ರಲ್ಲಿ ತೀರಿಕೊಂಡರು. ಒಬ್ಬ ಲೇಖಕನ ಹೆಗಲ ಮೇಲೆ ಒಂದು ಇಡೀ ವಯಸ್ಸಿನ ಓದನ್ನು ಹೇರಿ ಸುಮ್ಮನೆ ಕೂರುವುದು ಸರಿಯೇ?

ಪ್ರಯತ್ನಗಳು ಇಲ್ಲವೆಂದಲ್ಲ. ಕೇಂದ್ರ ಸಾಹಿತ್ಯ ಅಕಾಡೆಮಿ 2010ರಲ್ಲಿ ಬಾಲ ಸಾಹಿತ್ಯ ಪುರಸ್ಕಾರ ಆರಂಭಿಸಿದಾಗ ಕನ್ನಡಕ್ಕೆ ಅದು ಬಂದದ್ದು ಬೊಳುವಾರು ಮಹಮದ್ ಕುಂಞಿ ಅವರ 'ಪಾಪು ಗಾಂಧಿ ಗಾಂಧಿ ಬಾಪು ಆದ ಕಥೆ'ಗೆ. ಗಾಂಧಿಯನ್ನು ಗೋಡೆಯ ಫೋಟೋದಿಂದ ಇಳಿಸಿ ಮಕ್ಕಳ ಪಕ್ಕ ಕೂರಿಸಿದ ಪುಸ್ತಕ ಅದು. ದೊಡ್ಡವರೂ ಓದಬಹುದು, ಹದಿಮೂರರವರೂ ಓದಬಹುದು. ಇಂಥವು ವರ್ಷಕ್ಕೆ ಹತ್ತಾದರೂ ಬೇಕು.

ಭಾಷೆ ಕೈಬಿಟ್ಟು ಹೋಗುವುದು ಮೂರನೆಯ ಕ್ಲಾಸಿನಲ್ಲಲ್ಲ. ಅಲ್ಲಿ ಅಜ್ಜಿ ಕಥೆ ಇದೆ, ಪದ್ಯವಿದೆ, ಚಿತ್ರವಿದೆ. ಅದು ಕೈಬಿಡುವುದು ಎಂಟನೆಯ, ಒಂಬತ್ತನೆಯ ಕ್ಲಾಸಿನಲ್ಲಿ. ಪ್ರೀತಿ, ಸಿಟ್ಟು, ಅವಮಾನ, ಸಂದೇಹ ಎಲ್ಲ ಒಟ್ಟಿಗೆ ಶುರುವಾಗುವ ಆ ಹೊತ್ತಿನಲ್ಲಿ ಅವನ್ನು ಹೇಳಿಕೊಳ್ಳುವ ಪುಸ್ತಕ ಇಂಗ್ಲಿಷಿನಲ್ಲಿ ಮಾತ್ರ ಸಿಕ್ಕರೆ, ಆ ಮಗುವಿನ ಮನಸ್ಸಿನ ಭಾಷೆಯೂ ಇಂಗ್ಲಿಷೇ ಆಗುತ್ತದೆ. ಆಮೇಲೆ ನವೆಂಬರಿನಲ್ಲಿ ಎಷ್ಟು ಬಾವುಟ ಹಾರಿಸಿದರೂ ಪ್ರಯೋಜನವಿಲ್ಲ.

ಪಂಜೆಯವರಿಗೆ ಶಾಲೆ ಸಿಕ್ಕಿತು, ಅನಂತರಾಮ್ ಅವರಿಗೆ ಅಂಗಡಿ ಸಿಕ್ಕಿತು, ಸ್ಟೋರಿವೀವರಿಗೆ ಇಂಟರ್ನೆಟ್ ಸಿಕ್ಕಿತು. ಹದಿನೈದರ ಓದುಗನ ಹತ್ತಿರ ಹೋಗುವ ದಾರಿ ಯಾವುದು? ಅವನ ಕೈಯಲ್ಲಿರುವ ಮೊಬೈಲೇ ಇರಬಹುದೇನೋ. ನಿಮಗೆ ಏನನಿಸುತ್ತದೆ? ಆ ವಯಸ್ಸಿನಲ್ಲಿ ನಿಮ್ಮನ್ನು ಕನ್ನಡದಲ್ಲೇ ಹಿಡಿದಿಟ್ಟ ಪುಸ್ತಕ ಯಾವುದು? ತಿಳಿಸಿ. ಸಾಧ್ಯವಾದರೆ ಆ ಪುಸ್ತಕದ ಒಂದು ಪ್ರತಿ ಕೊಂಡು, ಮನೆಯ ಹತ್ತಿರದ ಹೈಸ್ಕೂಲು ಹುಡುಗನಿಗೋ ಹುಡುಗಿಗೋ ಕೊಡಿ.