ಎದೆಯ ಗಂಟು: ಪ್ಯಾರಿಸ್‌ನಿಂದ ನಮ್ಮ ತಾಲ್ಲೂಕು ಕಾಲೇಜಿನವರೆಗೆ

ಎಮ್ಮೆಯ ಕೆಚ್ಚಲು ಒಂದು ದಿನ ಗಡುಸಾಗಿ ಕಂಡರೆ ಸಾಕು, ನಮ್ಮ ದೊಡ್ಡಮ್ಮ ಹಾಲಿನ ಚೊಂಬು ಕೆಳಗಿಟ್ಟು ಪಶುವೈದ್ಯರಿಗೆ ಫೋನ್ ಮಾಡಿಸುತ್ತಿದ್ದರು. ಕೆಚ್ಚಲು ಬಾವಿಗೆ ತಡ ಮಾಡಿದರೆ ಹಾಲೇ ಹೋಗುತ್ತದೆ ಅಂತ ಅವರಿಗೆ ಗೊತ್ತು. ಅದೇ ದೊಡ್ಡಮ್ಮ ತಮ್ಮ ಎದೆಯಲ್ಲಿದ್ದ ಗಂಟನ್ನು ಎಂಟು ತಿಂಗಳು ಯಾರಿಗೂ ಹೇಳಲಿಲ್ಲ. ನೋವಿಲ್ಲವಲ್ಲ, ಏನಂತ ಹೇಳೋದು ಅನ್ನೋದು ಅವರ ಲೆಕ್ಕ.

ಕಳೆದ ಅಕ್ಟೋಬರ್‌ನಲ್ಲಿ ತಾಲ್ಲೂಕಿನ ಒಂದು ಪದವಿ ಕಾಲೇಜಿಗೆ ಹೋಗಿದ್ದೆ. ಸ್ತನ ಕ್ಯಾನ್ಸರ್ ಬಗ್ಗೆ ಎನ್‌ಎಸ್‌ಎಸ್‌ನವರ ಕಾರ್ಯಕ್ರಮ. ಹುಡುಗರನ್ನು ಹೊರಗೆ ಕಳಿಸಿ ಬಾಗಿಲು ಹಾಕಿದರು. ಊರಲ್ಲಿ ಕರುವಿನ ವಿಷಯಕ್ಕೆ, ಕೂಸಿನ ವಿಷಯಕ್ಕೆ ಮೊಲೆ ಅನ್ನಲು ಯಾರಿಗೂ ನಾಚಿಕೆಯಿಲ್ಲ. ಸಭೆಯಲ್ಲಿ ಮಾತ್ರ ಡಾಕ್ಟರ್ ಬಾಯಲ್ಲೂ ಅದು 'ಬ್ರೆಸ್ಟ್' ಆಗಿತ್ತು. ಪ್ರಶ್ನೆ ಕೇಳಿ ಅಂದಾಗ ಒಬ್ಬರೂ ಏಳಲಿಲ್ಲ. ಕೊನೆಗೆ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಹುಡುಗಿ ಹತ್ತಿರ ಬಂದು ಕೇಳಿದಳು: "ಅಕ್ಕಾ, ಗಂಟು ಸಿಕ್ರೆ ಎದೆ ಪೂರ್ತಿ ತೆಗ್ದುಬಿಡ್ತಾರಾ?"

ಈ ಹೆದರಿಕೆ ಇಂದಿನದಲ್ಲ.

1810ರಲ್ಲಿ ಪ್ಯಾರಿಸ್‌ನಲ್ಲಿದ್ದ ಇಂಗ್ಲಿಷ್ ಲೇಖಕಿ ಫ್ಯಾನಿ ಬರ್ನಿಗೆ ಎದೆಯಲ್ಲಿ ನೋವು ಶುರುವಾಯಿತು. ಅವರೂ ಮೊದಮೊದಲು ಡಾಕ್ಟರಿಗೆ ತೋರಿಸಲು ಒಪ್ಪಲಿಲ್ಲ, ಗಂಡ ಒತ್ತಾಯ ಮಾಡಬೇಕಾಯಿತು. 1811ರ ಸೆಪ್ಟೆಂಬರ್ 30ರಂದು ನೆಪೋಲಿಯನ್ ಸೈನ್ಯದ ಹೆಸರಾಂತ ಶಸ್ತ್ರವೈದ್ಯ ಲಾರೆ ಅವರ ಮನೆಯಲ್ಲೇ ಶಸ್ತ್ರಚಿಕಿತ್ಸೆ ಮಾಡಿ ಎದೆ ತೆಗೆದರು. ಅರಿವಳಿಕೆ ಬರಲು ಇನ್ನೂ ಮೂವತ್ತೈದು ವರ್ಷ ಬಾಕಿ ಇತ್ತು. ಕೊಟ್ಟಿದ್ದು ಒಂದಿಷ್ಟು ಮದ್ಯ. ಮುಖದ ಮೇಲೆ ಹೊದಿಸಿದ್ದ ತೆಳು ಬಟ್ಟೆಯ ಮೂಲಕ ಕತ್ತಿಯ ಹೊಳಪು ಕಂಡಿದ್ದನ್ನೂ ಅವರು ಬರೆದಿಟ್ಟಿದ್ದಾರೆ. ಬರೆದಿದ್ದು ಪುಸ್ತಕವಲ್ಲ, ಅಕ್ಕನಿಗೆ ಕಾಗದ. ತಿಂಗಳುಗಟ್ಟಲೆ ತೆಗೆದುಕೊಂಡು ಬರೆದರು, ಮತ್ತೆ ಓದಿ ನೋಡುವ ಧೈರ್ಯ ಬರಲಿಲ್ಲ. ಅದು ನಿಜಕ್ಕೂ ಕ್ಯಾನ್ಸರೇ ಆಗಿತ್ತಾ ಅನ್ನುವ ಚರ್ಚೆ ಇವತ್ತಿಗೂ ಇದೆ. ಆಗ 59 ವರ್ಷದವರಾಗಿದ್ದ ಬರ್ನಿ 87ರವರೆಗೆ ಬದುಕಿದರು.

ಅರಿವಳಿಕೆ ಬಂದ ಮೇಲೆ ನೋವು ತಪ್ಪಿತು, ಕತ್ತಿ ಮಾತ್ರ ಇನ್ನೂ ಆಳಕ್ಕಿಳಿಯಿತು. ಅಮೆರಿಕದ ವಿಲಿಯಂ ಹಾಲ್‌ಸ್ಟೆಡ್ 1890ರ ದಶಕದಲ್ಲಿ ಎದೆಯ ಜೊತೆಗೆ ಅದರ ಕೆಳಗಿನ ಸ್ನಾಯು, ಕಂಕುಳಿನ ಗ್ರಂಥಿಗಳನ್ನೂ ತೆಗೆಯುವ ವಿಧಾನವನ್ನು ಜನಪ್ರಿಯಗೊಳಿಸಿದರು. ಹೆಚ್ಚುಕಡಿಮೆ ಎಂಬತ್ತು ವರ್ಷ ಅದೇ ನಡೆಯಿತು. ಗಂಟು ಅಂದರೆ ಎದೆ ಹೋಯಿತು ಅನ್ನುವ ಭಯ ಮನೆಮನೆಗೆ ಹಬ್ಬಿದ್ದು ಹೀಗೆ. ಬರ್ನಾರ್ಡ್ ಫಿಶರ್ ಎಂಬ ವೈದ್ಯರು ಸಾವಿರಾರು ಮಹಿಳೆಯರ ಮೇಲೆ ಅಧ್ಯಯನ ಮಾಡಿ, ಬೇಗ ಸಿಕ್ಕ ಗಂಟನ್ನಷ್ಟೇ ತೆಗೆದು ರೇಡಿಯೇಷನ್ ಕೊಟ್ಟರೂ ಅಷ್ಟೇ ವರ್ಷ ಬದುಕುತ್ತಾರೆ ಎಂದು 1985ರಲ್ಲಿ ತೋರಿಸಿದರು. ಬಸ್ ಸ್ಟ್ಯಾಂಡಿನ ಹುಡುಗಿಗೆ ಉತ್ತರ ಅಲ್ಲಿದೆ: ಬೇಗ ಬಂದವರಲ್ಲಿ ಎಷ್ಟೋ ಜನರಿಗೆ ಎದೆ ಪೂರ್ತಿ ತೆಗೆಯಬೇಕಾಗುವುದಿಲ್ಲ.

ಹಾಗಾದರೆ ಬೇಗ ಕಂಡುಹಿಡಿಯುವುದು ಹೇಗೆ? 1950ರಲ್ಲೇ ಅಮೆರಿಕದಲ್ಲಿ ಹೆಂಗಸರು ತಮ್ಮ ಎದೆಯನ್ನು ತಾವೇ ಮುಟ್ಟಿ ಪರೀಕ್ಷಿಸಿಕೊಳ್ಳುವುದನ್ನು ಕಲಿಸುವ ಸಿನಿಮಾ ಬಂತು. ಕಾಲೇಜುಗಳಲ್ಲಿ ಇವತ್ತಿಗೂ ತೋರಿಸುವ ಚಾರ್ಟುಗಳು ಅದೇ ದಾರಿಯವು.

ಇದರಿಂದ ಜೀವ ಉಳಿಯುತ್ತದಾ ಅಂತ ಸರಿಯಾಗಿ ಲೆಕ್ಕ ಹಾಕಿದ್ದು ಚೀನಾದ ಶಾಂಘೈನಲ್ಲಿ. 1989ರಿಂದ ಅಲ್ಲಿನ ಜವಳಿ ಕಾರ್ಖಾನೆಗಳ 2,66,064 ಮಹಿಳೆಯರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಸ್ವಪರೀಕ್ಷೆ ಕಲಿಸಿ ಪದೇಪದೇ ನೆನಪಿಸಿದರು, ಇನ್ನೊಂದಕ್ಕೆ ಇಲ್ಲ. ಹತ್ತು ವರ್ಷಕ್ಕೂ ಹೆಚ್ಚು ಕಾಲ ಗಮನಿಸಿ 2002ರಲ್ಲಿ ಫಲಿತಾಂಶ ಪ್ರಕಟಿಸಿದರು. ಸ್ತನ ಕ್ಯಾನ್ಸರ್‌ನಿಂದ ಸತ್ತವರು ಕಲಿತವರಲ್ಲಿ 135, ಕಲಿಯದವರಲ್ಲಿ 131. ಕಲಿತವರಿಗೆ ಅಪಾಯವಿಲ್ಲದ ಗಂಟುಗಳು ಹೆಚ್ಚು ಸಿಕ್ಕವು, ಸೂಜಿ-ಕತ್ತರಿ ಹೆಚ್ಚಾಯಿತು, ಅಷ್ಟೇ.

ಇದನ್ನು ಮೊದಲು ಓದಿದಾಗ ನನಗೆ ಸಿಟ್ಟೇ ಬಂತು. ಹಾಗಾದರೆ ಕಾಲೇಜಿನ ಕಾರ್ಯಕ್ರಮವೆಲ್ಲ ದಂಡವೇ?

ಮುಂಬೈ ಬೇರೆ ದಾರಿ ತೋರಿಸಿತು. 1998ರಲ್ಲಿ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು ಅಲ್ಲಿನ 35ರಿಂದ 64 ವರ್ಷದ ಒಂದೂವರೆ ಲಕ್ಷ ಮಹಿಳೆಯರನ್ನು ಆರಿಸಿಕೊಂಡರು. ಮ್ಯಾಮೊಗ್ರಾಂ ಯಂತ್ರ ಇಲ್ಲ, ದೊಡ್ಡ ಡಾಕ್ಟರೂ ಇಲ್ಲ. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಅರ್ಧದಷ್ಟು ಮಹಿಳೆಯರ ಎದೆಯನ್ನು ಎರಡು ವರ್ಷಕ್ಕೊಮ್ಮೆ ಕೈಯಿಂದಲೇ ಪರೀಕ್ಷಿಸಿದರು. ಇಪ್ಪತ್ತು ವರ್ಷದ ಲೆಕ್ಕ 2021ರಲ್ಲಿ ಬಂತು: 50 ದಾಟಿದವರಲ್ಲಿ ಈ ಕ್ಯಾನ್ಸರ್‌ನಿಂದ ಆಗುವ ಸಾವು ಹತ್ತಿರಹತ್ತಿರ ಶೇ 30ರಷ್ಟು ಕಡಿಮೆ. ಚಿಕ್ಕ ವಯಸ್ಸಿನವರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ.

ನಮ್ಮ ಕಾಲೇಜುಗಳಲ್ಲಿ ಹೇಳದೇ ಬಿಡುವುದು ಇದನ್ನೇ. ಇಪ್ಪತ್ತರ ಹುಡುಗಿಗೆ ಈ ಕಾಯಿಲೆ ಬರುವುದು ತೀರಾ ಅಪರೂಪ. ಆ ವಯಸ್ಸಿನಲ್ಲಿ ಬೆರಳಿಗೆ ಜಾರುವ ಗಂಟು ಸಾಮಾನ್ಯವಾಗಿ ಫೈಬ್ರೊಅಡಿನೋಮ, ಕ್ಯಾನ್ಸರ್ ಅಲ್ಲ. ಹಾಗಂತ ಮುಚ್ಚಿಡಬಾರದು. ಹೊಸ ಗಂಟು, ಚರ್ಮ ಗುಳಿ ಬೀಳುವುದು, ತೊಟ್ಟು ಒಳಗೆ ಎಳೆದುಕೊಳ್ಳುವುದು, ರಕ್ತ ಬರುವುದು, ಇವುಗಳಲ್ಲಿ ಯಾವುದು ಕಂಡರೂ ಡಾಕ್ಟರಿಗೆ ತೋರಿಸಬೇಕು. ಪ್ರತಿ ತಿಂಗಳು ಗಾಬರಿಯಿಂದ ಹುಡುಕಬೇಕಿಲ್ಲ, ತನ್ನ ಮೈ ಎಂದಿನಂತೆ ಹೇಗಿರುತ್ತದೆ ಅಂತ ಗೊತ್ತಿದ್ದರೆ ಸಾಕು.

ಕ್ಯಾನ್ಸರ್ ಬರುವ ವಯಸ್ಸಿನವರು ಮನೆಯಲ್ಲಿದ್ದಾರೆ. ಬೆಂಗಳೂರಿನಲ್ಲಿ 1982ರಿಂದ ಕ್ಯಾನ್ಸರ್ ನೋಂದಣಿ ನಡೆಯುತ್ತಿದೆ. ಮೊದಲ ವರ್ಷಗಳಲ್ಲಿ ಹೆಂಗಸರಲ್ಲಿ ಗರ್ಭಕೋಶದ ಕೊರಳಿನ ಕ್ಯಾನ್ಸರೇ ಮುಂದಿತ್ತು, ಈಗ ಮೊದಲ ಜಾಗ ಸ್ತನದ್ದು. ಊರಿನ ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿ 30 ದಾಟಿದವರ ಬಿಪಿ, ಶುಗರ್ ಜೊತೆಗೆ ಎದೆಯನ್ನೂ ಪರೀಕ್ಷಿಸಬೇಕೆಂಬ ನಿಯಮವಿದೆ. ಆಶಾ ಕಾರ್ಯಕರ್ತೆ ತುಂಬಿಸುವ ಫಾರಂನಲ್ಲಿ ಎದೆಯಲ್ಲಿ ಗಂಟಿದೆಯಾ ಅನ್ನುವ ಪ್ರಶ್ನೆ ಇದೆ. ನಮ್ಮ ದೊಡ್ಡಮ್ಮ ಅದಕ್ಕೆ "ಇಲ್ಲ" ಅಂತಲೇ ಬರೆಸಿದ್ದರು, ಹೊರಗೆ ಜಗಲಿಯಲ್ಲಿ ಗಂಡಸರು ಕೂತಿದ್ದರಂತೆ. ತಡವಾಗಿದ್ದರಿಂದ ಅವರಿಗೆ ಎದೆ ಪೂರ್ತಿ ತೆಗೆಯಬೇಕಾಯಿತು. ಇದ್ದಾರೆ, ಹಾಲು ಕರೆಯಲು ಮಾತ್ರ ಆ ಕೈ ಮೊದಲಿನಂತೆ ಬರುವುದಿಲ್ಲ.

ಇದಿಷ್ಟನ್ನೂ ಬಸ್ ಬರುವ ತನಕ ಆ ಹುಡುಗಿಗೆ ಹೇಳಿದೆ. ಅವಳು ತನ್ನ ಬಗ್ಗೆ ಮತ್ತೇನೂ ಕೇಳಲಿಲ್ಲ. ಬಸ್ ಹತ್ತಿ ಕಿಟಕಿಯಿಂದ ಅಂದಳು: "ನಮ್ಮಮ್ಮಂಗೆ ಐವತ್ತೊಂದು ಅಕ್ಕಾ. ಆಶಾ ಅಕ್ಕ ನಮ್ ಬೀದೀಲೇ ಇರೋದು. ಅಪ್ಪ ಗದ್ದೆಗೆ ಹೋದ್ಮೇಲೆ ಬರಕ್ಕೆ ಹೇಳ್ತೀನಿ."